ಹಿಂದಿನ ಸೀಟಿನ ನಿದ್ದೆ

ಪಾಲಾಕ್ಷನ ನಿದ್ದೆಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಆ ಮನುಷ್ಯ ಗಿರಾಕಿಗೆ ಬೆಲ್ಲ ಕಟ್ಟಿಕೊಡುತ್ತಲೇ ಒಂದು ಜೊಂಪು ತೆಗೆಯಬಲ್ಲವನು. ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಅವನ ಗೊರಕೆ ಶುರುವಾಗುತ್ತಿತ್ತು. ಕಾರು ಓಡಿಸುವ ಶೈಲಾಳಿಗೆ ಬೇಕಾಗಿದ್ದದ್ದು ಹಿಂದಿನ ಸೀಟಿನ ನಿದ್ದೆ, ರಾಜಾಸಾಬರದು. ಅದು ಮಾತ್ರ ಬರಲೊಲ್ಲದು.

ಪಾಲಾಕ್ಷ, ರಾಜಾಸಾಬ್ ಇಬ್ಬರಿಗೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಆರಕ್ಕೆ ಕೊಟ್ಟೂರು ಬಿಟ್ಟು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಹೋಗಬೇಕು. ನಾಲ್ಕು ತಾಸು ಡಯಾಲಿಸಿಸ್ ಮಷೀನಿಗೆ ಕೈಯೊಡ್ಡಿ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ವಾಪಸಾಗಬೇಕು. ಮೊದಲು ಈ ಟ್ರಿಪ್ಪು ಹೊಡೆಯುತ್ತಿದ್ದವನು ಮಂಜಣ್ಣ. ಅವನು ಹರಪನಹಳ್ಳಿಯಲ್ಲಿ ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದು ಹೊರಟಾಗ ತನ್ನ ಬಿಳಿ ಸಣ್ಣ ಕಾರನ್ನೂ ಈ ಗಿರಾಕಿಗಳನ್ನೂ ಶೈಲಾಳಿಗೆ ಒಪ್ಪಿಸಿ ಹೋಗಿದ್ದ. ಹಾಗಾಗಿ ನೆವ ಹೇಳಲು ಅವಳಿಗೆ ದಾರಿಯೇ ಇರಲಿಲ್ಲ. ಅದೇ ಕಾರು, ಅದೇ ರಸ್ತೆ, ಅದೇ ಮುದುಕ. ಮಂಜಣ್ಣ ಓಡಿಸಿದಾಗ ಊರು ದಾಟುವುದರೊಳಗೆ ನಿದ್ದೆ ಹೋಗುತ್ತಿದ್ದವರು ಇವಳು ಓಡಿಸಿದರೆ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದರು.

ಕೂರುವುದೆಂದರೆ ಸುಮ್ಮನೆ ಕೂರುವುದೂ ಅಲ್ಲ. ಆ ಕಾಯಿಲೆಯವರಲ್ಲಿ ಕೆಲವರಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ರಾಜಾಸಾಬರಿಗೆ ಹಾಸಿಗೆಯಲ್ಲಿ ಮೈ ಚಾಚಿದರೆ ಸಾಕು, ಮೀನಖಂಡದೊಳಗೆ ಇರುವೆ ಹರಿದಾಡಿದಂತಾಗಿ ಎದ್ದು ಅಂಗಳ ಸುತ್ತಬೇಕಾಗುತ್ತಿತ್ತು. ಕಾರಿನಲ್ಲಿ ಸುತ್ತುವುದಕ್ಕೆ ಜಾಗವಿಲ್ಲವಲ್ಲ, ಕಾಲಡಿಯ ರಬ್ಬರ್ ಮ್ಯಾಟಿನ ಮೇಲೆ ಹಿಮ್ಮಡಿ ಉಜ್ಜುತ್ತಿದ್ದರು. ಹೋಗುವಾಗ ಮುಕ್ಕಾಲು ತಾಸು, ಬರುವಾಗ ಮುಕ್ಕಾಲು ತಾಸು, ಆ ಸರ್ ಸರ್ ಸದ್ದು ಶೈಲಾಳ ಬೆನ್ನ ಹಿಂದೆ ನಡೆದೇ ಇರುತ್ತಿತ್ತು. ಮನೆಗೆ ಹೋಗಿ ಅನ್ನಕ್ಕೆ ಕೂತರೂ ಅದು ಕಿವಿಯಿಂದ ಇಳಿಯುತ್ತಿರಲಿಲ್ಲ.

ಮೂರನೆಯ ವಾರದಲ್ಲಿ ರಾಜಾಸಾಬರ ಹೆಂಡತಿ ರಹಿಮತ್ ಬೀ ಆಸ್ಪತ್ರೆಯ ಬೇವಿನ ಮರದ ಕೆಳಗೆ ಶೈಲಾಳನ್ನು ಪಕ್ಕಕ್ಕೆ ಕರೆದಳು. ಆಕೆ ಮಾತು ಕಡಿಮೆಯ ಹೆಂಗಸು, ಗಂಡನ ಜೊತೆ ಪ್ರತಿ ಸಲವೂ ಬುತ್ತಿ ಹಿಡಿದುಕೊಂಡು ಬರುವಾಕೆ.

"ಸಿಟ್ಟು ಮಾಡ್ಕೋಬ್ಯಾಡ ಬೇಟಿ. ರಾತ್ರಿ ಅವರಿಗಿ ನಿದ್ದಿ ಇಲ್ಲ. ವಾರಕ್ಕ ಮೂರು ಸಲ ಈ ಗಾಡ್ಯಾಗ ಮಕ್ಕೊಂತಿದ್ರು, ಅಷ್ಟ ಅವರ ನಿದ್ದಿ. ನೀ ಬಂದ ಮ್ಯಾಲೆ ಅದೂ ಹೋತು. ಈ ತಿಂಗಳ ತುಂಬೋತನ ನೋಡ್ತೀವಿ. ಆಗಲಿಲ್ಲಂದ್ರ ಬ್ಯಾರೆ ಗಾಡಿ ಹೇಳ್ತೀವಿ."

ತಿಂಗಳು ತುಂಬಲು ಹನ್ನೆರಡು ದಿನ ಉಳಿದಿತ್ತು. ಶೈಲಾ ಆಗಲಿ ಚಾಚಿ ಎಂದಳು. ಬೇರೇನು ಹೇಳುವುದು? ಮೂವತ್ತೈದು ತುಂಬಿದ ಮೇಲೆ ಹೊಲಿಗೆ ಮಷೀನು ಬಿಟ್ಟು ಸ್ಟೇರಿಂಗ್ ಹಿಡಿದವಳು. ಕೊಟ್ಟೂರಿನ ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರು ಅವಳು ಯಾವಾಗ ಗೋಡೆಗೆ ಗುದ್ದುತ್ತಾಳೋ ಎಂದು ಚಹಾ ಕುಡಿಯುತ್ತಾ ಕಾಯುತ್ತಿದ್ದರು. ರಾಜಾಸಾಬರಂಥ ಹಳೆಯ ಡ್ರೈವರ್ ಅವಳ ಗಾಡಿ ಬೇಡವೆಂದು ಇಳಿದರೆ ಆ ಮಾತು ಸಂಜೆಯೊಳಗೆ ಸ್ಟ್ಯಾಂಡು ಮುಟ್ಟುತ್ತದೆ, ಆಮೇಲೆ ಯಾರೂ ಅವಳ ಕಾರಿಗೆ ಒಬ್ಬ ಪೇಷಂಟನ್ನೂ ಹತ್ತಿಸುವುದಿಲ್ಲ. ಅದೊಂದು ಭಯ. ಇನ್ನೊಂದು ನಾಚಿಕೆ. ಕಾಯಿಲೆಯ ಮನುಷ್ಯನಿಗೆ ಇದ್ದದ್ದೇ ಅಷ್ಟು ನಿದ್ದೆ, ಅದನ್ನೂ ತಾನು ಕಿತ್ತುಕೊಂಡೆನಲ್ಲ ಎಂದು.

ತಪ್ಪು ಎಲ್ಲಿದೆ ಎಂಬುದು ಅವಳಿಗೂ ಗೊತ್ತಿತ್ತು. ತಪ್ಪಿನ ಹೆಸರು ನಾಗಪ್ಪ, ಅವಳ ಅಪ್ಪ.

ನಾಗಪ್ಪ ಮೂವತ್ತು ವರ್ಷ ಒಬ್ಬ ಕಂಟ್ರಾಕ್ಟರನ ಜೀಪು ಓಡಿಸಿದವನು. ಆ ಕಂಟ್ರಾಕ್ಟರ್ ಡೀಸೆಲ್ಲನ್ನು ತುಪ್ಪದಂತೆ ಅಳೆದು ಕೊಡುತ್ತಿದ್ದನಾದ್ದರಿಂದ ನಾಗಪ್ಪನಿಗೆ ಮೈಲೇಜೇ ದೇವರು. ಗಾಡಿ ಉರುಳತೊಡಗಿದರೆ ಎರಡನೆಯ ಗೇರು, ಆಡು ಓಡಿದಷ್ಟು ವೇಗ ಬಂದರೆ ಮೂರನೆಯದು, ಊರ ಹೊರಗಿನ ಸೇತುವೆ ಬರುವುದರೊಳಗೆ ಟಾಪ್ ಗೇರು. ಇಳಿಜಾರು ಸಿಕ್ಕಿತೋ, ನ್ಯೂಟ್ರಲ್ ಮಾಡಿ ಕೈಕಟ್ಟಿ ಕೂರುವುದು. ಇಂಜಿನ್ ದನಿ ಎತ್ತಿತೆಂದರೆ ಯಾರೋ ಅವನ ಮೈಮೇಲಿನ ಚರ್ಮ ಎಳೆದಂತೆ ಮುಖ ಮಾಡುತ್ತಿದ್ದ. ಮಗಳಿಗೆ ಕಲಿಸಿದ್ದೂ ಅದನ್ನೇ. ಗಾಡಿಯನ್ನು ಒದರಿಸಬೇಡ, ಒದರುವ ಮೊದಲೇ ಮೇಲಿನ ಗೇರು ಹಾಕು.

ಖಾಲಿ ರಸ್ತೆಯ ಕಾಲಕ್ಕೆ ಆ ವಿದ್ಯೆ ಸರಿಯಿತ್ತು. ಈಗ ಕೊಟ್ಟೂರು–ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಬೆಳಗಾದರೆ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಲಾರಿ, ಎದುರಿಗೆ ಬಸ್ಸು. ನಾಲ್ಕು ಜನ ಕೂತ ಸಣ್ಣ ಪೆಟ್ರೋಲ್ ಕಾರು ಟಾಪ್ ಗೇರಿನಲ್ಲಿ ಮೆಲ್ಲಗೆ ಹೊರಟರೆ ಅದಕ್ಕೆ ಎದೆಯಲ್ಲಿ ಕಸುವೇ ಇರುವುದಿಲ್ಲ, ಗಡಗಡ ನಡುಗುತ್ತದೆ. ಟ್ರ್ಯಾಕ್ಟರು ದಾಟಬೇಕೆಂದರೆ ಎರಡನೆಯದಕ್ಕೆ ಇಳಿದು, ಇಂಜಿನ್ನನ್ನು ಚೆನ್ನಾಗಿ ಏರಿಸಿ, ಆ ಏರಿದ ದನಿಯಲ್ಲೇ ಮೂರನೆಯದಕ್ಕೆ ಹೋಗಬೇಕು. ಶೈಲಾ ಅಷ್ಟೂ ಮಾಡುತ್ತಿದ್ದಳು. ಆದರೆ ಇಂಜಿನ್ ಕೂಗಿದ ಕೂಡಲೇ ಅಪ್ಪನ ಮುಖ ಕಣ್ಣ ಮುಂದೆ ಬಂದು, ಗಾಬರಿಯಲ್ಲಿ ಕಾಲು ಫಕ್ಕನೆ ತೆಗೆದು, ಗೇರನ್ನು ದಬ್ಬಿ, ಕ್ಲಚ್ಚನ್ನು ಬಿಟ್ಟೇಬಿಡುತ್ತಿದ್ದಳು. ಕಾರು ಮುಗ್ಗರಿಸುತ್ತಿತ್ತು. ಎಲ್ಲರ ತಲೆಯೂ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು, ಪಾಲಾಕ್ಷನ ತಲೆ ನಿದ್ದೆಯಲ್ಲೇ ಹೋಗಿ ಬರುತ್ತಿತ್ತು.

ಬೇವಿನ ಮರದ ಕೆಳಗಿನ ಮಾತಾದ ಮರುದಿನ ಶೈಲಾ ಮಾನ ಮರ್ಯಾದೆ ಪಕ್ಕಕ್ಕಿಟ್ಟು ರಾಜಾಸಾಬರ ಮನೆಗೇ ಹೋದಳು. ಡಯಾಲಿಸಿಸ್ ಆದ ಮರುದಿನ ಅವರ ಮುಖದಲ್ಲಿ ಸ್ವಲ್ಪ ಕಳೆ ಇರುತ್ತಿತ್ತು. ಅಂಗಳದಲ್ಲಿ ಅಡ್ಡಾಡುತ್ತಿದ್ದರು. ನಲವತ್ತು ವರ್ಷ ಲಾರಿಯಲ್ಲಿ ಇಂಜಿನ್ನಿನ ಪಕ್ಕದಲ್ಲೇ ಕೂತು ಕಿವಿ ಮಂದವಾಗಿದ್ದವು, ಯಾವ ಮಾತನ್ನಾದರೂ ಎರಡು ಸಲ, ಎತ್ತರದ ದನಿಯಲ್ಲಿ ಹೇಳಬೇಕು. ಗೇರಿನ ವಿಷಯ ಮಾತ್ರ ಅವರಿಗೆ ಬೆನ್ನಿನಿಂದ ತಿಳಿಯುತ್ತಿತ್ತು. ಶೈಲಾ ಬೀದಿಗೆಲ್ಲ ಕೇಳುವಂತೆ ತನ್ನ ತಪ್ಪನ್ನು ಎರಡು ಸಲ ಒಪ್ಪಿಕೊಂಡಳು.

"ನಿನ್ನ ಕಾಲಿಗೇನೂ ಆಗಿಲ್ಲ ಬೇಟಿ, ನಿನಗ ಹೆದರಿಕಿ ಐತಿ," ಎಂದರು ರಾಜಾಸಾಬ್. "ಇಂಜಿನ್ ಕೂಗಿದ ಕೂಡ್ಲೇ ಅದರ ಬಾಯಿ ಮುಚ್ಚಾಕ ನೋಡ್ತಿ. ಕೂಗಲಿ ಬಿಡು. ಓಡೋ ಬಸ್ಸು ಹತ್ತಾವ್ರನ್ನ ನೋಡಿಯೇನು? ನಿಂತಲ್ಲಿಂದ ಜಿಗಿದ್ರ ಬೀಳ್ತಾನ. ಬಸ್ಸಿನ ಜೋಡಿ ನಾಕು ಹೆಜ್ಜಿ ಓಡಿ, ಎರಡೂ ಒಂದ ಸಮ ಆದ ಮ್ಯಾಲೆ ಕಾಲು ಇಡ್ತಾನ. ಇಂಜಿನ್ನು ಚಕ್ರನೂ ಹಂಗ. ಮೂರನೇದರಾಗ ಇಂಜಿನ್ ಎಷ್ಟು ತಿರುಗಬೇಕೋ ಅಲ್ಲಿಗಿ ಇಳಿಯೋತನ ತಡಿ. ಅಲ್ಲಿ ಹಿಡಿ."

ಆ 'ಅಲ್ಲಿ' ಎಂಬುದು ಎಲ್ಲಿ? ಆ ಕಾರಿನಲ್ಲಿ ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳೂ ಇರಲಿಲ್ಲ. ರಾಜಾಸಾಬ್ ಅವಳನ್ನು ಹೊರಸಿನ ಅಂಚಿಗೆ ಕೂರಿಸಿದರು. ಅವಳ ಕಾಲಡಿಗೆ ಹೆಂಡತಿಯ ಚಪ್ಪಲಿ ಒಂದು, ತಮ್ಮ ಚಪ್ಪಲಿ ಒಂದು ಇಟ್ಟರು. ಎಡಗಡೆಯದು ಕ್ಲಚ್ಚು, ಬಲಗಡೆಯದು ಎಕ್ಸಲೇಟರು. ಗೇರಿನ ಕೋಲಿನ ಬದಲು ರಹಿಮತ್ ಬೀ ರೊಟ್ಟಿ ಮಾಡುವುದನ್ನು ಬಿಟ್ಟು ಬಂದು ಸೌಟು ಕೊಟ್ಟಳು. ಇನ್ನು ಇಂಜಿನ್ನು? ಇಂಜಿನ್ನು ರಾಜಾಸಾಬರೇ.

ಎಪ್ಪತ್ತು ವರ್ಷದ ಮುದುಕ ಎದೆಯೊಳಗಿಂದ ದನಿ ಎತ್ತಿ ಬಾಯಲ್ಲೇ ಗಾಡಿ ಹೊರಡಿಸಿದರು. ದನಿ ಏರುತ್ತಾ ಏರುತ್ತಾ ಬಂದು, ಇನ್ನು ತಡೆಯದು ಎನ್ನುವಲ್ಲಿ ಅವರು ಕೈ ಬೀಸುತ್ತಿದ್ದರು. ಆಗ ಎರಡೂ ಕಾಲು ಒಟ್ಟಿಗೇ ಕೆಲಸ ಮಾಡಬೇಕು, ಬಲಗಾಲು ಮೇಲೆ, ಎಡಗಾಲು ಕೆಳಗೆ. ಬಲಗಾಲು ಮೊದಲು ತೆಗೆದರೆ ಗಾಡಿ ಮುಗ್ಗರಿಸುತ್ತದೆ, ಎಡಗಾಲು ಮೊದಲು ಒತ್ತಿದರೆ ಇಂಜಿನ್ ಹುಚ್ಚು ಕೂಗು ಹಾಕುತ್ತದೆ. ಸೌಟನ್ನು ದಬ್ಬದೆ, ಬೆರಳಿನಲ್ಲಿ ತೋರಿಸಿದಂತೆ ಮೂರನೆಯದಕ್ಕೆ ತರಬೇಕು. ಅಷ್ಟರಲ್ಲಿ ಅವರ ಬಾಯಿಯ ದನಿ ಇಳಿಯುತ್ತಿರುತ್ತದೆ. ತೀರಾ ನೆಲಕ್ಕೆ ಇಳಿಯುವ ಮೊದಲು, ನಡುವಿನಲ್ಲೊಂದು ಕಡೆ, ಕ್ಲಚ್ಚಿನ ಕಾಲನ್ನು ಸಡಿಲಿಸಿ ಬಲಗಾಲನ್ನು ಮೆಲ್ಲಗೆ ಊರಬೇಕು. ಬೇಗ ಬಿಟ್ಟರೆ ಅವರು ಮುಂದಕ್ಕೆ ಜಿಗಿದು ತೋರಿಸುತ್ತಿದ್ದರು. ತಡವಾದರೆ ಹಿಂದಿನಿಂದ ಯಾರೋ ಅಂಗಿ ಹಿಡಿದಂತೆ ನಿಂತು ತೋರಿಸುತ್ತಿದ್ದರು. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನಕ್ಕರು. ಶೈಲಾಳಿಗೆ ನಗು ಬರಲಿಲ್ಲ. ಇಪ್ಪತ್ತನೆಯದೋ ಇಪ್ಪತ್ತೈದನೆಯದೋ ಸಲಕ್ಕೆ ಅವರು ಜಿಗಿಯಲೂ ಇಲ್ಲ, ನಿಲ್ಲಲೂ ಇಲ್ಲ, ಮೂರನೆಯ ಗೇರಿನ ದನಿ ಹಿಡಿದು ಅಂಗಳ ದಾಟಿ ನಡೆದೇಬಿಟ್ಟರು. ಆಮೇಲೆ ಏದುಸಿರು ಬಿಡುತ್ತಾ ಹೊರಸಿನ ಮೇಲೆ ಕೂತರು. ರಹಿಮತ್ ಬೀ ಇಬ್ಬರಿಗೂ ಬೈದು ಸೌಟು ತೆಗೆದುಕೊಂಡು ಒಳಗೆ ಹೋದಳು.

ಕೂತು ಸುಧಾರಿಸಿಕೊಳ್ಳುವಾಗ ರಾಜಾಸಾಬ್ ಒಂದು ವಿಷಯ ಹೇಳಿದರು. ದೂರದ ಲೋಡಿಗೆ ಲಾರಿಯಲ್ಲಿ ಇಬ್ಬರು ಡ್ರೈವರುಗಳು ಇರುತ್ತಿದ್ದರು, ಒಬ್ಬ ಓಡಿಸಿದರೆ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಬೇಕು. ಹೊಸ ಜೊತೆಗಾರ ಹೇಗೆ ಓಡಿಸುತ್ತಾನೆ ಎಂದು ಮಾಲೀಕ ಕೇಳಿದರೆ ಅವರು ಬೇರೆ ಏನನ್ನೂ ಹೇಳುತ್ತಿರಲಿಲ್ಲವಂತೆ. ನಿದ್ದೆ ಬಂತು, ಇಲ್ಲವೇ ನಿದ್ದೆ ಬರಲಿಲ್ಲ, ಇಷ್ಟೇ. ನಿದ್ದೆ ಬರಲಿಲ್ಲವೆಂದರೆ ಮರುದಿನ ಆ ಹುಡುಗನಿಗೆ ಲಾರಿ ಇಲ್ಲ. ಶೈಲಾ ಇದನ್ನು ಕೇಳಿ ಎದ್ದು ಬಂದಳು. ಆ ರಾತ್ರಿ ಅವಳಿಗೂ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಪ್ರಾಕ್ಟೀಸಿಗೆ ಹೊರಟಾಗ ನಾಗಪ್ಪ ತಾನೂ ಬರುತ್ತೇನೆಂದು ಪಕ್ಕದಲ್ಲಿ ಕೂತ. ಅದೇ ತಪ್ಪಾಯಿತು. ಎರಡನೆಯ ಗೇರಿನಲ್ಲಿ ಇಂಜಿನ್ ದನಿ ಏರಿದ ಹಾಗೆ ಅವನ ಕೈ ತಾನಾಗಿ ಗೇರಿನ ಕಡೆ ಹೋಗುತ್ತಿತ್ತು. ಹಾಕು, ಹಾಕು, ಮೇಲಿಂದು ಹಾಕು ಎಂದು ಜಪ ಶುರುವಾಯಿತು. ಶೈಲಾ ಹಾಕಲಿಲ್ಲ. ಇನ್ನೂ ಏರಿಸಿದಳು. ಐದಾರು ಸಲ ಹೀಗಾದ ಮೇಲೆ ನಾಗಪ್ಪ ಗಾಡಿ ನಿಲ್ಲಿಸು ಎಂದ. ಇಳಿದು, ಪಂಚೆ ಕೊಡವಿ, ಹೀಗೆ ಒದರಿ ಸಾಯುವ ಪ್ರಾಣಿಯ ಪಕ್ಕದಲ್ಲಿ ತಾನು ಕೂರಲಾರೆ, ನಡೆದೇ ಹೋಗುತ್ತೇನೆ ಎಂದು ಊರ ಕಡೆ ಮುಖ ಮಾಡಿದ. ಮಗಳು ಅವನನ್ನು ಕರೆಯಲಿಲ್ಲ. ಜೀವನದಲ್ಲಿ ಮೊದಲ ಸಲ ಅಪ್ಪನನ್ನು ರಸ್ತೆಯ ಮೇಲೆ ಬಿಟ್ಟು ಹೋದಳು. ಅತ್ತ ಹತ್ತು ಸಲ, ಇತ್ತ ಹತ್ತು ಸಲ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋದಳು. ದನಿ ಎಲ್ಲಿಗೆ ಇಳಿದಾಗ ಚಕ್ರಗಳು ಅದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ ಎಂಬುದು ಸೂರ್ಯ ನೆತ್ತಿಗೇರುವ ಹೊತ್ತಿಗೆ ಅವಳ ಕಾಲಿಗೆ ತಿಳಿಯತೊಡಗಿತು. ಹಿಂದಿರುಗುವಾಗ ದಾರಿಯಲ್ಲಿ ನಾಗಪ್ಪ ಇನ್ನೂ ನಡೆಯುತ್ತಲೇ ಇದ್ದ. ಹತ್ತಿಸಿಕೊಂಡಳು.

ರಾಜಾಸಾಬ್ ಲೆಕ್ಕ ಇಡತೊಡಗಿದರು. ಮಂಗಳವಾರ ಕಾರಿನಿಂದ ಇಳಿಯುವಾಗ ಎರಡೂ ಕೈಯ ಬೆರಳು ಬಿಡಿಸಿ, ಮೇಲೊಂದು ಬೆರಳು ತೋರಿಸಿದರು. ಹನ್ನೊಂದು ಸಲ ಮುಗ್ಗರಿಸಿತ್ತು. ಗುರುವಾರ ಆರು. ಶನಿವಾರ ನಾಲ್ಕು. ತಿಂಗಳ ಕೊನೆಯ ವಾರದ ಮಂಗಳವಾರ ಎರಡು. ಶೈಲಾ ಆ ಎರಡೂ ಎಲ್ಲಿ ಆದದ್ದೆಂದು ಹೇಳಬಲ್ಲವಳಾಗಿದ್ದಳು. ಆದರೂ ಕಣ್ಣು ಮುಚ್ಚುತ್ತಿರಲಿಲ್ಲ ಮುದುಕ. ಹಿಮ್ಮಡಿ ಉಜ್ಜುತ್ತಲೇ ಇರುತ್ತಿತ್ತು. ರಹಿಮತ್ ಬೀ ಕನ್ನಡಿಯಲ್ಲಿ ಶೈಲಾಳನ್ನು ನೋಡಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಬೇರೆ ಗಾಡಿಯವನ ಜೊತೆ ಮಾತಾಗಿದೆ ಎಂಬ ಸುದ್ದಿಯೂ ಸ್ಟ್ಯಾಂಡಿನಿಂದ ಬಂತು.

ಕೊನೆಯ ಗುರುವಾರ ಬಂತು. ಅಂದು ರಹಿಮತ್ ಬೀ ಬರಲಿಲ್ಲ, ಮಂಡಿ ಹಿಡಿದುಕೊಂಡಿತ್ತು. ಪಾಲಾಕ್ಷನಿಗೆ ಹಗರಿಬೊಮ್ಮನಹಳ್ಳಿಯಲ್ಲೇ ಮಗಳ ಮನೆ, ಡಯಾಲಿಸಿಸ್ ಮುಗಿಸಿ ಅಲ್ಲೇ ಉಳಿದುಕೊಂಡ. ರಾಜಾಸಾಬರಿಗೆ ಅಂದು ಬಿ.ಪಿ. ಬಹಳ ಇಳಿದಿತ್ತು. ನರ್ಸಮ್ಮ ಒಂದು ತಾಸು ಮಲಗಿಸಿ, ಮತ್ತೆ ನೋಡಿ, ಸರಿಯಾಗಿದೆ ಎಂದಮೇಲೆ ಬಿಟ್ಟಳು. ದಾರಿಯಲ್ಲಿ ಅವರ ಮೇಲೆ ನಿಗಾ ಇರಲಿ ಎಂದು ಶೈಲಾಳಿಗೆ ಹೇಳಿದಳು. ಖಾಲಿ ಇದ್ದ ಹಿಂದಿನ ಸೀಟಿನಲ್ಲಿ ಅವರು ಓರೆಯಾಗಿ ಒರಗಿ, ಬೆಲ್ಟು ಹಾಕಿಸಿಕೊಂಡು, ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡರು. ಹಿಮ್ಮಡಿ ತನ್ನ ಕೆಲಸ ಶುರುಮಾಡಿತು.

ಊರ ಹೊರಗೇ ಮೊದಲ ಟ್ರ್ಯಾಕ್ಟರು ಸಿಕ್ಕಿತು. ಎರಡನೆಯದಕ್ಕೆ ಇಳಿಯುವ ಮುಂಚೆ ಇಂಜಿನ್ನಿಗೆ ಒಂದು ಸಣ್ಣ ಏರು ಕೊಟ್ಟಳು, ಗೇರು ಸದ್ದಿಲ್ಲದೆ ಕೂತಿತು. ಏರಿಸಿದಳು. ಇಂಜಿನ್ ಕೂಗಿತು, ಕೂಗಲಿ ಎಂದು ಬಿಟ್ಟಳು. ಟ್ರ್ಯಾಕ್ಟರಿನ ಮೂತಿ ದಾಟುವಾಗ ಮೂರನೆಯದು, ಆಮೇಲೆ ನಾಲ್ಕನೆಯದು. ಕಾರು ತಲೆಯಾಡಿಸಲಿಲ್ಲ. ಎರಡನೆಯ ಟ್ರ್ಯಾಕ್ಟರಿಗೂ ಹಾಗೆಯೇ ಆಯಿತು. ಆಮೇಲೆ ಸಿಕ್ಕಿದ್ದು ಕಬ್ಬಿನ ಲಾರಿ, ಏರಿನಲ್ಲಿ, ಎದುರಿಗೆ ದೂರದಲ್ಲಿ ಬಸ್ಸು. ಎರಡನೆಯ ಗೇರನ್ನು ಕೊನೆಯತನಕ ಎಳೆದು ಮೂರಕ್ಕೆ ಹಾಕಿದಾಗ ಗೇರು ಬದಲಾದದ್ದು ಅವಳಿಗೇ ಅನುಮಾನವಾಗುವಷ್ಟು ನಯವಾಗಿತ್ತು. ಖುಷಿಯಲ್ಲಿ ಅವಳ ಕಿವಿ ಬಿಸಿಯಾದವು. ಲೆಕ್ಕ ಇಟ್ಟುಕೊಂಡರೋ ಇಲ್ಲವೋ ಎಂದು ಕನ್ನಡಿ ನೋಡಿದಳು.

ರಾಜಾಸಾಬರ ಕಣ್ಣು ಮುಚ್ಚಿದ್ದವು. ಬಾಯಿ ಅರ್ಧ ತೆರೆದಿತ್ತು. ಸೀಟಿನ ಅಂಚಿನಿಂದ ಕೈ ಜೋತುಬಿದ್ದಿತ್ತು.

ಬಂತು ನಿದ್ದೆ. ಶೈಲಾಳಿಗೆ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಸ್ಟ್ಯಾಂಡಿನವರನ್ನು, ಅಪ್ಪನನ್ನು, ರಹಿಮತ್ ಬೀಯನ್ನಂತೂ ಮೊದಲು. ಉಸಿರು ಬಿಗಿಹಿಡಿದು, ರಸ್ತೆಯ ಒಂದೊಂದು ಗುಂಡಿಯನ್ನೂ ಬಳಸಿಕೊಂಡು ಓಡಿಸಿದಳು. ಒಂದು ಮೈಲಿ ಹೋಗಿರಬೇಕು. ಆಗ ಅವಳಿಗೆ ಏನೋ ಕಡಿಮೆಯಾದಂತೆ ಅನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿಮ್ಮಡಿಯ ಸದ್ದು ನಿಂತಿತ್ತು.

ಇಷ್ಟು ದಿನದಲ್ಲಿ ಆ ಕಾಲು ಒಂದು ನಿಮಿಷವೂ ನಿಂತದ್ದನ್ನು ಅವಳು ಕಂಡಿರಲಿಲ್ಲ. ನಿದ್ದೆ ಬಂದರೆ ನಿಲ್ಲುತ್ತದೆಯೇ? ನಿಲ್ಲಲೇಬೇಕು. ಇಲ್ಲ, ನಿದ್ದೆಯಲ್ಲೂ ಒದೆಯುತ್ತಾರೆಂದು ಚಾಚಿ ಒಮ್ಮೆ ಹೇಳಿದ್ದಳಲ್ಲ. ಹೇಳಿದ್ದಳೋ, ತಾನೇ ಅಂದುಕೊಂಡದ್ದೋ. ಬಿ.ಪಿ. ಇಳಿದಿತ್ತು ಎಂದಿದ್ದಳು ನರ್ಸಮ್ಮ. ಮತ್ತೆ ಕನ್ನಡಿ ನೋಡಿದಳು. ಎದೆ ಏರಿಳಿಯುವುದು ಕಾಣಲಿಲ್ಲ, ಟವೆಲ್ಲು ಅಡ್ಡ ಬಂದಿತ್ತು. ಜೋತುಬಿದ್ದ ಕೈ ಕಾರಿನ ಕುಲುಕಿಗೆ ಅಲ್ಲಾಡುತ್ತಿತ್ತು, ತಾನಾಗಿ ಅಲ್ಲಾಡುತ್ತಿರಲಿಲ್ಲ.

ಚಾಚಾ ಎಂದು ಕರೆದಳು. ಮತ್ತೆ, ದನಿ ಎತ್ತಿ, ಚಾಚಾ ಎಂದಳು. ಆ ಕಿವಿಗಳಿಗೆ ಎಚ್ಚರವಿದ್ದಾಗಲೇ ಕೇಳುವುದಿಲ್ಲ, ಈಗ ಹೇಗೆ ಕೇಳಬೇಕು. ಹಿಂದೆ ಲಾರಿಯೊಂದು ಅಂಟಿಕೊಂಡೇ ಬರುತ್ತಿತ್ತು, ರಸ್ತೆಯ ಅಂಚು ಅಗೆದು ಬಿಟ್ಟಿದ್ದರು, ನಿಲ್ಲಿಸಲು ಜಾಗವಿರಲಿಲ್ಲ. ನಿಜ ಹೇಳಬೇಕೆಂದರೆ ಜಾಗವಿದ್ದಿದ್ದರೂ ಅವಳು ನಿಲ್ಲಿಸುತ್ತಿದ್ದಳೋ ಇಲ್ಲವೋ. ನಿಲ್ಲಿಸಿದರೆ ಇಳಿದು ಹಿಂದಿನ ಬಾಗಿಲು ತೆಗೆಯಬೇಕು, ಮುಟ್ಟಿ ನೋಡಬೇಕು. ಮುಟ್ಟಿ ನೋಡುವ ಧೈರ್ಯ ಅವಳಲ್ಲಿರಲಿಲ್ಲ. ನಿದ್ದೆ ಬರಲಿ ಎಂದು ಹನ್ನೆರಡು ದಿನ ಹರಕೆ ಹೊತ್ತವಳಂತೆ ಕುದಿದವಳು ಈಗ ಇದು ನಿದ್ದೆಯಾಗಿರಲಪ್ಪಾ ಎಂದು ಬೇಡತೊಡಗಿದಳು.

ಮುಂದೆ ಇನ್ನೊಂದು ಟ್ರ್ಯಾಕ್ಟರು, ಇನ್ನೊಂದು ಏರು. ಎರಡನೆಯದಕ್ಕೆ ಇಳಿಸಿದಳು. ಇಂಜಿನ್ನನ್ನು ಏರಿಸಿದಳು. ದನಿ ಏರಿ ಕಿರುಚಿತು. ಟ್ರ್ಯಾಕ್ಟರನ್ನು ದಾಟಿ ತನ್ನ ಬದಿಗೆ ಬಂದಳು. ಆಗ ಗೊತ್ತಿದ್ದೂ ಗೊತ್ತಿದ್ದೂ ಬಲಗಾಲನ್ನು ಫಕ್ಕನೆ ತೆಗೆದಳು. ಕಾರು ಮುಗ್ಗರಿಸಿತು. ಕ್ಲಚ್ಚು ಒತ್ತಿ ಗೇರನ್ನು ಮೂರಕ್ಕೆ ದಬ್ಬಿ, ದನಿ ಪೂರ್ತಿ ನೆಲಕ್ಕೆ ಇಳಿಯುವತನಕ ಕಾದು, ಎಡಗಾಲನ್ನು ಒಮ್ಮೆಲೇ ಬಿಟ್ಟುಬಿಟ್ಟಳು. ಇಡೀ ಕಾರು ಯಾರೋ ಜಗ್ಗಿ ಹಿಡಿದಂತೆ ನಡುಗಿತು. ಅವಳ ಹಲ್ಲು ಹಲ್ಲಿಗೆ ತಾಗಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ.

ಹಿಂದಿನ ಸೀಟಿನಲ್ಲಿ ಸದ್ದಿಲ್ಲ.

ಶೈಲಾ ಕನ್ನಡಿ ನೋಡಲಿಲ್ಲ. ರಸ್ತೆಯನ್ನೇ ನೋಡಿದಳು. ರಸ್ತೆ ಮಂಜುಮಂಜಾಗಿ ಕಂಡಿತು.

"ಏನಾತು?" ಎಂದಿತು ಹಿಂದಿನ ಸೀಟು.

ಅವಳು ಅವರಿಗೆ ಕೇಳುವಂತೆ ಎರಡು ಸಲ, ಎತ್ತರದ ದನಿಯಲ್ಲಿ ಹೇಳಿದಳು.

"ಕಾಲು ಜಾರಿತ್ರಿ ಚಾಚಾ."

ರಾಜಾಸಾಬ್ ಮುಖದ ಮೇಲೆ ಕೈಯಾಡಿಸಿಕೊಂಡರು. ಜೋತುಬಿದ್ದಿದ್ದ ಕೈಯನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡರು. ಕನ್ನಡಿಯಲ್ಲಿ ಅವಳ ಒದ್ದೆ ಕಣ್ಣನ್ನು ನೋಡಿದರು.

"ಸುಳ್ಳು," ಎಂದರು. "ನಿನ್ನ ಕಾಲು ಈಗ ಜಾರಂಗಿಲ್ಲ."

ಮುದುಕನಿಗೆ ಅರ್ಥವಾಗಿತ್ತು. ಕುತ್ತಿಗೆಯ ಟವೆಲ್ಲನ್ನು ಸಡಿಲ ಮಾಡಿಕೊಂಡು ಮತ್ತೆ ಓರೆಯಾಗಿ ಒರಗಿದರು.

"ಅದೀನಿ ಬೇಟಿ," ಎಂದರು ಕಣ್ಣು ಮುಚ್ಚಿಕೊಳ್ಳುತ್ತಾ. "ನೀ ಹೊಡಿ."

ಶೈಲಾ ತೋಳಿಗೆ ಕಣ್ಣೊರೆಸಿಕೊಂಡಳು. ಇಂಜಿನ್ನನ್ನು ಏರಿಸಿ, ದನಿ ಇಳಿಯುವುದನ್ನು ಕೇಳಿಸಿಕೊಂಡು, ನಾಲ್ಕಕ್ಕೆ ಹಾಕಿದಳು. ಹಿಂದಿನ ಸೀಟಿನಲ್ಲಿ ಆಗಲೇ ಶುರುವಾಗಿದ್ದ ಸಣ್ಣ ಗೊರಕೆ ನಿಲ್ಲಲಿಲ್ಲ.